ಹಂಪಿಯಲ್ಲಿ ಒಂದು ಸೀರೆಯ ಬಣ್ಣ

ಪುಣೆಯ ನಮ್ಮ ಮನೆಯ ಹಾಲ್‌ನಲ್ಲಿ, ಟೀವಿಯ ಮೇಲ್ಗಡೆ, ಒಂದು ಕಪ್ಪು-ಬಿಳುಪು ಫೋಟೊ ಇದೆ. ಹಂಪಿಯ ಕಲ್ಲಿನ ರಥದ ಮುಂದೆ ನನ್ನ ಅಪ್ಪ, ಅವ್ವ ನಿಂತಿದ್ದಾರೆ. ಮದುವೆಯಾಗಿ ಆಗ ಎರಡು ತಿಂಗಳು. ಅಪ್ಪನದು ಬೆಲ್‌ಬಾಟಮ್ ಪ್ಯಾಂಟು, ಅವ್ವನದು ಇಳಕಲ್ ಸೀರೆ. ಇಬ್ಬರ ನಡುವೆ ಇನ್ನೊಬ್ಬರು ಆರಾಮಾಗಿ ನಿಲ್ಲುವಷ್ಟು ಜಾಗ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಗಿರಾಕಿಗಳಿಗಾಗಿ ಕಾಯುತ್ತಿದ್ದ ಒಬ್ಬ ಫೋಟೊಗ್ರಾಫರ್ ತೆಗೆದದ್ದು. ಮುಂಗಡ ಹಣ ಇಸಿದುಕೊಂಡು, ವಿಳಾಸ ಬರೆದುಕೊಂಡು, ಹದಿನೈದು ದಿನದ ಮೇಲೆ ಅಂಚೆಯಲ್ಲಿ ಕಳಿಸಿದ್ದನಂತೆ. ಹಿಂದುಗಡೆ ಅಪ್ಪನ ಅಕ್ಷರದಲ್ಲಿ ‘ಹಂಪಿ, 12-2-83’ ಎಂದಿದೆ.

ಕಳೆದ ದೀಪಾವಳಿಗೆ ಗೋಡೆ ಒರೆಸುವಾಗ ಏಳು ವರ್ಷದ ಮಗಳು ಕೇಳಿದಳು: “ಅಜ್ಜಿ ಯಾಕೆ ಬೂದಿ ಬಣ್ಣದ ಸೀರೆ ಉಟ್ಟಿದಾಳೆ?”

ಅದು ಬೂದಿಯಲ್ಲ, ಆಗಿನ ಫೋಟೊಗಳೇ ಹಾಗೆ ಎಂದೆ. “ಹಾಗಾದ್ರೆ ನಿಜವಾಗಿ ಯಾವ ಬಣ್ಣ?” ಉತ್ತರ ನನ್ನಲ್ಲಿರಲಿಲ್ಲ. ಗದಗಿಗೆ ಫೋನ್ ಮಾಡಿದೆವು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಸರ ಇತ್ತೇನೋ. ಇಲ್ಲಾ, ಕೆಂಪಿತ್ತೋ. ನೆನಪಾಗವಲ್ದು ತಮ್ಮಾ,” ಎಂದಳು. ಅಪ್ಪ ಇದ್ದಿದ್ದರೆ ಕೇಳಬಹುದಿತ್ತು. ಅವರು ಹೋಗಿ ನಾಲ್ಕು ವರ್ಷವಾಯಿತು.

ವಿಷಯ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹೋಯಿತು. ಅಕ್ಕನ ಮಗ ಅರ್ಧ ಗಂಟೆಯಲ್ಲಿ ಯಾವುದೋ ಆ್ಯಪ್‌ಗೆ ಹಾಕಿ ಫೋಟೊಗೆ ಬಣ್ಣ ಬಳಿದು ಕಳಿಸಿದ. ಸೀರೆ ನೇರಳೆ, ಅಪ್ಪನ ಪ್ಯಾಂಟು ಕಂದು, ಆಕಾಶ ಸೋಪಿನ ಜಾಹೀರಾತಿನಂಥ ನೀಲಿ. ಎಲ್ಲರೂ ಹೃದಯದ ಚಿಹ್ನೆ ಒತ್ತಿದರು. ರಾತ್ರಿ ಅವ್ವನ ಫೋನು ಬಂತು. “ಈ ಬಣ್ಣದ ಸೀರಿ ನಾ ಜನ್ಮದಾಗ ಉಟ್ಟಿಲ್ಲ. ಮೊದಲ ಅದನ್ನ ತೆಗಿ ಅಂತ ಹೇಳು ಅವನಿಗೆ.”

ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಟೆಸ್ಟಿಂಗ್. ಶನಿವಾರ-ಭಾನುವಾರದ ಹುಚ್ಚು ಫೋಟೊಗ್ರಫಿ. ಹತ್ತು ವರ್ಷಗಳಿಂದ ಡಿಜಿಟಲ್ ಕ್ಯಾಮೆರಾದಲ್ಲಿ ಬಣ್ಣದಲ್ಲೇ ತೆಗೆದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಮಾಡುವುದು ನನ್ನ ರೂಢಿ. ಬಣ್ಣದಿಂದ ಬೂದಿಗೆ ಹೋಗುವ ದಾರಿ ನನಗೆ ಚೆನ್ನಾಗಿ ಗೊತ್ತು ಎಂದೇ ತಿಳಿದಿದ್ದೆ. ಅದೇ ದಾರಿಯಲ್ಲಿ ತಿರುಗಿ ನಡೆದರೆ ಸೀರೆಯ ಬಣ್ಣ ಸಿಗಬಾರದೇಕೆ ಎನಿಸಿತು.

ಒಂದು ಸುಳಿವೂ ಇತ್ತು. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ಯಾವ ಬಣ್ಣದ್ದೇ ಇರಲಿ, ಸೆರಗು ಮಾತ್ರ ಕೆಂಪು. ಆ ಕೆಂಪಿನಲ್ಲಿ ಗೋಪುರದಂತೆ ಏಳುವ ಬಿಳಿಯ ವಿನ್ಯಾಸಕ್ಕೆ ಟೋಪ್ ತೆನಿ ಎನ್ನುತ್ತಾರೆ. ಒಡಲಿನ ನೂಲಿಗೆ ಸೆರಗಿನ ರೇಷ್ಮೆಯನ್ನು ಕೊಂಡಿ ಹಾಕಿ ಜೋಡಿಸುವುದೇ ಆ ಊರಿನ ನೇಕಾರರ ಕಸುಬುಗಾರಿಕೆ. ಫೋಟೊದಲ್ಲಿ ಅವ್ವ ತಲೆಯ ಮೇಲೆ ಹೊದ್ದ ಸೆರಗಿನಲ್ಲಿ ಟೋಪ್ ತೆನಿ ಸ್ಪಷ್ಟವಾಗಿ ಕಾಣುತ್ತದೆ. ಅಂದರೆ ಆ ಫಿಲ್ಮಿನಲ್ಲಿ ಕೆಂಪು ಎಷ್ಟು ಬೂದಿಯಾಗಿದೆ ಎಂಬುದು ಗೊತ್ತಿದೆ. ಅದನ್ನು ಅಳತೆಗೋಲು ಮಾಡಿಕೊಂಡು, ಅದೇ ಜಾಗದಲ್ಲಿ, ಅದೇ ಹೊತ್ತಿನ ಬಿಸಿಲಿನಲ್ಲಿ ಬೇರೆ ಬೇರೆ ಬಣ್ಣದ ಇಳಕಲ್ ಸೀರೆಗಳ ಚಿತ್ರ ತೆಗೆದು, ಕಪ್ಪು-ಬಿಳುಪಿಗೆ ತಿರುಗಿಸಿ ಹೋಲಿಸಿದರೆ ಆಯಿತು. ಆಫೀಸಿನಲ್ಲಿ ನಾವು ದಿನಾ ಮಾಡುವ ಕೆಲಸವೇ ಇದು.

ಡಿಸೆಂಬರಿನ ರಜೆಯಲ್ಲಿ ಮೂವರೂ ರಾತ್ರಿ ಬಸ್ಸಿನಲ್ಲಿ ಗದಗಿಗೆ ಹೋದೆವು. ಅವ್ವ ಟ್ರಂಕು ತೆಗೆದು ಮೂರು ಸೀರೆ ಆರಿಸಿ ಇಟ್ಟಿದ್ದಳು: ದಾಳಿಂಬರಿ ಕೆಂಪು, ನವಿಲು ಬಣ್ಣ, ಗಿಳಿ ಹಸಿರು. 83ರ ಸೀರೆ ಅವುಗಳಲ್ಲಿರಲಿಲ್ಲ. ಆ ಕಾಲದ್ದೆಲ್ಲ ಎಂದೋ ಹರಿದು ಹೋಗಿದ್ದವು. ಆದರೆ ಆಗಿನಿಂದ ಈಗಿನವರೆಗೂ ತಾನು ಉಟ್ಟ ಇಳಕಲ್ ಸೀರೆಗಳು ಈ ಮೂರು ಬಣ್ಣ ಬಿಟ್ಟು ಬೇರೆ ಇಲ್ಲ ಎಂದು ಖಚಿತವಾಗಿ ಹೇಳಿದಳು. ರಥದ ಮುಂದೆ ಮೂರನ್ನೂ ಒಂದೊಂದಾಗಿ ಉಡಬೇಕಾಗುತ್ತದೆ ಎಂದು ನಾನು ಹೇಳಿದಾಗ ಮಾತ್ರ ಸಿಟ್ಟು ಬಂತು. “ನಾನೇನ ನಾಟಕ ಕಂಪನಿಯಾಕಿ ಏನೋ, ಸೀನ್‌ಗೊಂದು ಸೀರಿ ಉಡಾಕ? ಒಂದ ಉಡ್ತೀನಿ. ಉಳಿದಾವು ಕೈಮ್ಯಾಲ ಹಿಡಕೋತೀನಿ.”

ಗದಗಿನಿಂದ ಹೊಸಪೇಟೆಗೆ ರೈಲು. ಕೊಪ್ಪಳ, ಮುನಿರಾಬಾದ್ ದಾಟಿ ತುಂಗಭದ್ರೆ ಕಂಡಾಗ ಅವ್ವ ಕಿಟಕಿಗೆ ಮುಖ ಒತ್ತಿ ಕೂತಳು. 83ರಲ್ಲಿ ಇದು ಮೀಟರ್ ಗೇಜ್ ಹಳಿ. ಡಬ್ಬಿ ಸಣ್ಣದು, ಹೊಗೆ ಬಹಳ, ತಂದ ಬುತ್ತಿಯಲ್ಲಿ ಗುರೆಳ್ಳ ಚಟ್ನಿ ಇತ್ತು, ಅಪ್ಪನಿಗೆ ಕಣ್ಣಿಗೆ ಕಸ ಬಿದ್ದು ಕೊಪ್ಪಳದವರೆಗೂ ಕಣ್ಣು ಉಜ್ಜಿಕೊಂಡೇ ಕೂತಿದ್ದ. ಎಲ್ಲ ನೆನಪಿದೆ. ಸೀರೆಯ ಬಣ್ಣವೊಂದನ್ನು ಬಿಟ್ಟು.

ಮರುದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ವಿಜಯ ವಿಠ್ಠಲ ದೇವಸ್ಥಾನ. ಗಾಡಿ ನಿಲ್ಲಿಸುವ ಜಾಗದಿಂದ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ಒಳಗೆ ಹೊಕ್ಕ ಕೂಡಲೇ ರಥ. 50 ರೂಪಾಯಿ ನೋಟಿನ ಮೇಲೆ ಇರುವುದು ಇದೇ. ಮಗಳು ನೋಟು ತೆಗೆದು ಹಿಡಿದು, ಎರಡನ್ನೂ ಹೋಲಿಸಿ, ಒಪ್ಪಿಗೆ ಕೊಟ್ಟಳು.

ಹಳೆಯ ಫೋಟೊದಲ್ಲಿ ಅಪ್ಪನ ಒಂದು ಕೈ ರಥದ ಮುಂದಿನ ಆನೆಯ ತಲೆಯ ಮೇಲಿದೆ. ಈಗ ರಥದ ಸುತ್ತ ತಡೆ ಕಟ್ಟಿದ್ದಾರೆ, ಮುಟ್ಟುವಂತಿಲ್ಲ. ಒಳ್ಳೆಯದೇ. ನಲವತ್ತು ವರ್ಷ ಬಂದವರೆಲ್ಲ ಆನೆಯ ಮೇಲೆ ಕೈ ಇಟ್ಟರೆ ಕಲ್ಲೂ ಸವೆಯುತ್ತದೆ. ಆದರೆ ‘ಅದೇ ಜಾಗ’ ಎಂಬ ನನ್ನ ಮೊದಲ ಷರತ್ತು ಅಲ್ಲಿಗೇ ಮುಗಿಯಿತು. ಅವ್ವ ತಡೆಯ ಈಚೆಗೆ, ದಾಳಿಂಬರಿ ಸೀರೆ ಉಟ್ಟು, ಎಡಗೈ ಮೇಲೆ ನವಿಲು, ಬಲಗೈ ಮೇಲೆ ಗಿಳಿ ಹಸಿರು ಹಿಡಿದು ನಿಂತಳು. ಇಳಕಲ್‌ನಿಂದ ಮಾರಲು ಬಂದವಳು ಎಂದುಕೊಂಡು ಒಬ್ಬ ಪ್ರವಾಸಿ ಹೆಂಗಸು ದರ ಕೇಳಿಯೇಬಿಟ್ಟಳು. ಅವ್ವ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. ಅವತ್ತಿನ ಅತ್ಯುತ್ತಮ ಚಿತ್ರ ಅದೇ. ನನ್ನ ಪ್ರಯೋಗಕ್ಕೆ ಉಪಯೋಗವಿಲ್ಲದ್ದೂ ಅದೇ.

ಈ ರಥದ ಮುಂದೆ ಕಪ್ಪು-ಬಿಳುಪಿನ ಕ್ಯಾಮೆರಾ ಮೊದಲು ಬಂದದ್ದು ನಮ್ಮ ಅಪ್ಪನ ಕಾಲಕ್ಕಿಂತ ಬಹಳ ಹಿಂದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಚಿತ್ರಗಳನ್ನು ತೆಗೆದ. ಅವನ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. ಮುಂದೆ ಅದನ್ನು ತೆಗೆಯಲಾಯಿತು. ನೋಟಿನ ಮೇಲೆ ನಾವು ನೋಡುವ ಚಪ್ಪಟೆ ನೆತ್ತಿಯ ರಥ ಆಮೇಲಿನದು. ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕ ಮತ್ತೆ ಚಿತ್ರ ತೆಗೆದರು. ಎರಡನ್ನೂ ಜೊತೆಗಿಟ್ಟ ಪುಸ್ತಕವೇ ಇದೆ. ಅದೇ 83ರಲ್ಲಿ ನಮ್ಮ ಅಪ್ಪ-ಅವ್ವ ಕೂಡ ಅಲ್ಲೇ ನಿಂತಿದ್ದರು ಎಂದು ನೆನೆದರೆ ಖುಷಿಯಾಗುತ್ತದೆ.

ಗ್ರೀನ್‌ಲಾನ ಕಾಲದ ನೆಗೆಟಿವ್‌ಗೆ ಒಂದು ಗುಣವಿತ್ತು. ಅದಕ್ಕೆ ಕಾಣುತ್ತಿದ್ದುದು ಬಹುಪಾಲು ನೀಲಿ ಬೆಳಕು ಮಾತ್ರ. ಕೆಂಪಿಗೆ ಅದು ಕುರುಡು. ಹಾಗಾಗಿ ನೀಲಿ ಆಕಾಶ ಬಿಳಿಚಿಕೊಂಡು ಖಾಲಿ ಕಾಗದವಾಗುತ್ತಿತ್ತು, ಗಿಡಮರ ಕಪ್ಪಾಗುತ್ತಿತ್ತು, ಕೆಂಪು ಬಟ್ಟೆ ಉಟ್ಟವರು ಮಸಿ ಬಳಿದಂತೆ ಕಾಣುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಮೋಡವೇ ಇಲ್ಲವಲ್ಲ ಎಂದು ನಿಮಗೆ ಎಂದಾದರೂ ಅನಿಸಿದ್ದರೆ ಕಾರಣ ಇದು. ಮುಂದೆ ಹಸಿರೂ ಕಾಣುವ ಫಿಲ್ಮ್ ಬಂತು, ಆಮೇಲೆ ಎಲ್ಲ ಬಣ್ಣವೂ ಕಾಣುವ ಪ್ಯಾನ್‌ಕ್ರೋಮ್ಯಾಟಿಕ್ ಫಿಲ್ಮ್ ಬಂತು. ಅದಕ್ಕೂ ಛಾಯಾಗ್ರಾಹಕರು ಲೆನ್ಸಿನ ಮುಂದೆ ಹಳದಿಯೋ ಕೆಂಪೋ ಗಾಜು ಸಿಕ್ಕಿಸಿ ಆಕಾಶವನ್ನು ಕಪ್ಪಾಗಿಸುತ್ತಿದ್ದರು. ಬೂದಿ ಬಣ್ಣ ಎಂದರೆ ಬಣ್ಣವನ್ನು ತೆಗೆದುಹಾಕಿದಾಗ ಉಳಿಯುವ ಗಸಿಯಲ್ಲ. ಪ್ರತಿ ಬಣ್ಣಕ್ಕೂ ಇಷ್ಟು ಬೆಳಕು ಎಂದು ಯಾರೋ ಹಂಚಿಕೊಟ್ಟದ್ದು. ಹಂಚುವವರು ಆಗ ಫಿಲ್ಮ್ ಮಾಡಿದವರು. ಈಗ ನಾವು.

ಮಧ್ಯಾಹ್ನ ವಿರೂಪಾಕ್ಷ ದೇವಸ್ಥಾನಕ್ಕೆ ಹೋದೆವು. ಅಲ್ಲಿ ಗುಡಿಯ ಹಿಂಬದಿಯ ಕತ್ತಲು ಕೋಣೆಯಲ್ಲಿ ಒಂದು ಕಿಂಡಿಯಿಂದ ಬೆಳಕು ನುಸುಳಿ, ಸುಮಾರು 50 ಮೀಟರ್ ಎತ್ತರದ ರಾಜಗೋಪುರ ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಲೆನ್ಸಿಲ್ಲದ ಕ್ಯಾಮೆರಾ ಅದು. ಮಗಳು ತಾನೂ ತಲೆಕೆಳಗಾಗಿ ಬಾಗಿ ಕಾಲುಗಳ ನಡುವಿನಿಂದ ಗೋಪುರವನ್ನು ನೆಟ್ಟಗೆ ನೋಡಿದಳು. ಅವ್ವ ಗೋಡೆಗೆ ಕೈ ಮುಗಿದಳು. ನನಗೆ ಕಂಡದ್ದು ಆ ಮಸುಕು ಬಿಂಬದಲ್ಲಿ ಬಣ್ಣವೇ ತೋರದಿರುವುದು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ಬಣ್ಣ ಗುರುತಿಸುವ ಕೋಶಗಳು ಕೆಲಸ ನಿಲ್ಲಿಸುತ್ತವೆ, ಬೆಳಕು-ನೆರಳಷ್ಟನ್ನೇ ನೋಡುವ ಕೋಶಗಳು ಉಳಿಯುತ್ತವೆ. ಸಂಜೆಗತ್ತಲಲ್ಲಿ ಎಲ್ಲರ ಕಣ್ಣೂ ಕಪ್ಪು-ಬಿಳುಪು ಕ್ಯಾಮೆರಾವೇ.

ಗುಡಿಯಿಂದ ಹೊರಗೆ ಬಂದರೆ ಉದ್ದಕ್ಕೂ ಹಂಪಿ ಬಜಾರಿನ ಕಲ್ಲು ಮಂಟಪಗಳ ಸಾಲು. “ಇಲ್ಲೇ ಎಲ್ಲೋ ಒಂದು ಖಾನಾವಳಿ ಇತ್ತು. ನಿಮ್ಮಪ್ಪ ಎರಡ ಪ್ಲೇಟು ಮಿರ್ಚಿ ಭಜಿ ತಿಂದು, ಮಗ್ಗಲಕ ಒಂದು ಮನಿಯಾಗ ನೀರ ಇಸಕೊಂಡು ಕುಡದ,” ಎಂದಳು ಅವ್ವ. ಆಗ ಈ ಮಂಟಪಗಳಲ್ಲಿ ಅಂಗಡಿಗಳಿದ್ದವು, ಸಂಸಾರಗಳಿದ್ದವು. 2011ರಲ್ಲಿ ಅವರನ್ನೆಲ್ಲ ತೆರವು ಮಾಡಿಸಲಾಯಿತು. ಸ್ಮಾರಕ ಉಳಿಯಬೇಕೆಂಬುದು ಒಂದು ನ್ಯಾಯ, ಮನೆ ಕಳೆದುಕೊಂಡವರದು ಇನ್ನೊಂದು. ಖಾಲಿ ಮಂಟಪಗಳ ಚಿತ್ರವನ್ನು ಕಪ್ಪು-ಬಿಳುಪಿನಲ್ಲಿ ತೋರಿಸಿದರೆ ನೋಡಿದವರು ‘ಐನೂರು ವರ್ಷ ಹಳೆಯ ಮೌನ’ ಎನ್ನುತ್ತಾರೆ. ಮೌನ ಅಷ್ಟು ಹಳೆಯದಲ್ಲ. ಬಣ್ಣವಿದ್ದರೆ ಕಂಬದ ಮೇಲೆ ಉಳಿದ ಸುಣ್ಣದ, ನೀಲಿ ಬಳಿದ ಗುರುತು ಕಾಣುತ್ತದೆ, ಯಾರೋ ಇದ್ದರು ಎಂದು ತಿಳಿಯುತ್ತದೆ. ಬಣ್ಣದ ಜೊತೆ ತಾರೀಕನ್ನೂ ಅಳಿಸಿಬಿಡುವುದು ಕಪ್ಪು-ಬಿಳುಪಿನ ಗುಣ. ನಾನು ಆ ಚಿತ್ರಗಳನ್ನು ಬಣ್ಣದಲ್ಲೇ ಬಿಟ್ಟೆ.

ರಾತ್ರಿ ಹೊಸಪೇಟೆಯ ಲಾಡ್ಜಿನಲ್ಲಿ ಲ್ಯಾಪ್‌ಟಾಪ್ ತೆರೆದೆ. ಸ್ಕ್ಯಾನ್ ಮಾಡಿದ ಹಳೆಯ ಫೋಟೊ ಒಂದು ಕಡೆ, ಬೆಳಗಿನ ಚಿತ್ರ ಇನ್ನೊಂದು ಕಡೆ.

ಮೊದಲು ಒಂದು ಮಾತು. ಡಿಜಿಟಲ್ ಕ್ಯಾಮೆರಾದ ಸೆನ್ಸರ್‌ಗೂ ಬಣ್ಣ ಕಾಣುವುದಿಲ್ಲ. ಅದು ಬೆಳಕಿನ ಪ್ರಮಾಣವನ್ನಷ್ಟೇ ಎಣಿಸುತ್ತದೆ. ಬಹುತೇಕ ಕ್ಯಾಮೆರಾಗಳಲ್ಲಿ ಸೆನ್ಸರಿನ ಪ್ರತಿ ಚುಕ್ಕಿಯ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಒಂದು ಪುಟ್ಟ ಸೋಸುಗಾಜು ಇರುತ್ತದೆ. ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. 1970ರ ದಶಕದಲ್ಲಿ ಕೊಡಾಕ್‌ನ ಬ್ರೈಸ್ ಬೇಯರ್ ರೂಪಿಸಿದ ಜೋಡಣೆ ಇದು. ಈ ಮೂರು ಕಪ್ಪು-ಬಿಳುಪು ಲೆಕ್ಕಗಳಿಂದ ಕ್ಯಾಮೆರಾ ಬಣ್ಣವನ್ನು ಕಟ್ಟುತ್ತದೆ. ಹಾಗಾಗಿ ಪ್ರತಿ ಬಣ್ಣದ ಫೋಟೊದೊಳಗೂ ಮೂರು ಕಪ್ಪು-ಬಿಳುಪು ಫೋಟೊಗಳಿವೆ.

ಅವನ್ನು ಬೇರೆ ಬೇರೆ ಮಾಡಿ ನೋಡಿದರೆ ಮೂರು ಹಂಪಿ ಸಿಗುತ್ತವೆ. ಕೆಂಪು ಪದರದಲ್ಲಿ ಆಕಾಶ ಇಳಿಗಪ್ಪು, ಕಂದು-ಗುಲಾಬಿ ಛಾಯೆಯ ಬಂಡೆಗಳು ಹೊಳೆಯುತ್ತವೆ, ಮಳೆ ಬರುವ ಮುಂಚಿನ ನಾಟಕೀಯತೆ. ಹಸಿರು ಪದರ ನಮ್ಮ ಕಣ್ಣು ನೋಡುವುದಕ್ಕೆ ಹತ್ತಿರ. ಬಾಳೆತೋಟಕ್ಕೆ ಜೀವ ಬರುತ್ತದೆ. ನೀಲಿ ಪದರದಲ್ಲಿ ಆಕಾಶ ಬಿಳಿ, ಬಂಡೆ ಕಪ್ಪು, ಎಲ್ಲವೂ ಒರಟು. ಹೆಚ್ಚುಕಡಿಮೆ ಗ್ರೀನ್‌ಲಾನ ಹಂಪಿ. 1856ಕ್ಕೆ ಹೋಗಲು ನೀಲಿ ಪದರವೊಂದೇ ಸಾಕು ಎಂದು ತಿಳಿದಾಗ ಲಾಡ್ಜಿನ ಕೋಣೆಯಲ್ಲಿ ಒಬ್ಬನೇ ನಕ್ಕೆ.

ಈ ಮೂರನ್ನು ಎಷ್ಟೆಷ್ಟು ಬೆರೆಸಬೇಕು ಎಂಬುದೇ ಕಪ್ಪು-ಬಿಳುಪು ಮಾಡುವ ವಿದ್ಯೆ. ಒಂದು ರೂಢಿಯ ಸೂತ್ರವಿದೆ: ಕೆಂಪು ಶೇಕಡಾ 30, ಹಸಿರು 59, ನೀಲಿ 11. ಮನುಷ್ಯನ ಕಣ್ಣು ಹಸಿರಿಗೆ ಹೆಚ್ಚು, ನೀಲಿಗೆ ಕಡಿಮೆ ಸ್ಪಂದಿಸುವುದರಿಂದ ಈ ಪಾಲು. ಫೋನಿನಲ್ಲಿ ‘ಮೊನೊ’ ಒತ್ತಿದಾಗ ಇಂಥದ್ದೇ ಯಾವುದೋ ಒಂದು ಪಾಲು ನಮ್ಮನ್ನು ಕೇಳದೆ ಆಗಿಹೋಗುತ್ತದೆ. ದುಡ್ಡು ಕೊಡದೆ ಸಿಗುವ ಗಿಂಪ್‌ನಲ್ಲಿ ‘ಮೊನೊ ಮಿಕ್ಸರ್’ ಎಂಬುದಿದೆ. ಅದರಲ್ಲಿ ಈ ಪಾಲನ್ನು ನಾವೇ ಬದಲಿಸಬಹುದು.

ನಾನು ಮೊದಲು ರೂಢಿಯ ಸೂತ್ರ ಹಾಕಿದೆ. ದಾಳಿಂಬರಿಯೂ ನವಿಲು ಬಣ್ಣವೂ ಒಂದೇ ಬೂದಿಯಾದವು. ಲೆಕ್ಕ ಸರಳ. ಕಂಪ್ಯೂಟರಿನಲ್ಲಿ ಅಚ್ಚ ಕೆಂಪಿನ ಬೆಲೆ 255. ಅದರ ಶೇಕಡಾ 30 ಅಂದರೆ ಸುಮಾರು 76. ಹಸಿರಿನ ಬೆಲೆ 130 ಇರುವ ಒಂದು ಗಾಢ ಹಸಿರು ತೆಗೆದುಕೊಳ್ಳಿ. ಅದರ ಶೇಕಡಾ 59 ಅಂದರೂ ಸುಮಾರು 76. ಒಂದರ ಪಕ್ಕ ಒಂದಿಟ್ಟರೆ ಕಣ್ಣಿಗೆ ರಾಚುವ ಎರಡು ಬಣ್ಣಗಳ ನಡುವೆ ಬೂದಿಯಲ್ಲಿ ಗೆರೆಯೂ ಕಾಣುವುದಿಲ್ಲ. ಎಲೆಗಳ ನಡುವಿನ ಕೆಂಪು ದಾಸವಾಳವನ್ನು ಕಪ್ಪು-ಬಿಳುಪು ಮಾಡಿದವರಿಗೆಲ್ಲ ಇದು ಗೊತ್ತು. ಹೂವು ಎಲೆಯೊಳಗೆ ಮುಳುಗಿಹೋಗುತ್ತದೆ.

ಹಸಿರಿನ ಪಾಲು ಇಳಿಸಿದೆ. ಗಿಳಿ ಹಸಿರೂ ಬಂದು ಹಳೆಯ ಸೀರೆಯ ಬೂದಿಗೆ ಕೂತಿತು. ಅಪ್ಪ-ಅವ್ವನ ಫೋಟೊ ತೆಗೆದವನ ಫಿಲ್ಮಿನ ಪಾಲು ಏನಿತ್ತೋ, ಲೆನ್ಸಿನ ಮುಂದೆ ಗಾಜು ಹಾಕಿದ್ದನೋ, ತೊಳೆಯುವಾಗ ಎಷ್ಟು ಕಪ್ಪಾಗಿಸಿದ್ದನೋ. ನನ್ನ ಬಳಿ ಇದ್ದದ್ದು ಸೆರಗಿನ ಕೆಂಪು ಎಂಬ ಒಂದೇ ಅಳತೆಗೋಲು. ಆದರೆ ಸೆರಗು ರೇಷ್ಮೆ, ಒಡಲು ನೂಲು. ಬಿಸಿಲಿಗೆ ಒಂದು ಹೊಳೆಯುತ್ತದೆ, ಇನ್ನೊಂದು ಹೀರುತ್ತದೆ. ಒಂದೇ ಕೆಂಪಾದರೂ ಎರಡು ಬೂದಿಯಾಗಬಹುದು. ಹೀಗಾಗಿ ದಾಳಿಂಬರಿಯನ್ನು ಪಟ್ಟಿಯಿಂದ ತೆಗೆಯಲೂ ಆಗಲಿಲ್ಲ. ರಾತ್ರಿ ಒಂದರವರೆಗೆ ಕೂತು ನಾನು ಸಾಧಿಸಿದ್ದು ಇಷ್ಟು: ಮೂರು ಸೀರೆಯಲ್ಲಿ ಯಾವುದನ್ನು ಬೇಕಾದರೂ ಆ ಸೀರೆ ಮಾಡಿ ತೋರಿಸಬಲ್ಲೆ.

ಟೆಸ್ಟಿಂಗಿನವನಾಗಿ ಇದನ್ನು ಮೊದಲೇ ಊಹಿಸಬೇಕಿತ್ತು. ಸಾಮಾನ್ಯ ಬಣ್ಣದ ಚಿತ್ರದಲ್ಲಿ ಸಾಧ್ಯವಿರುವ ಬಣ್ಣಗಳು 1,67,77,216. ಬೂದಿಯ ಮೆಟ್ಟಿಲುಗಳು 256. ಸರಾಸರಿ 65,536 ಬಣ್ಣಗಳು ಒಂದೊಂದು ಮೆಟ್ಟಿಲ ಮೇಲೆ ಒತ್ತಿಕೊಂಡು ನಿಂತಿವೆ. ಮೂರು ಸಂಖ್ಯೆಯನ್ನು ಒಂದು ಮಾಡಿದ ಮೇಲೆ ಆ ಒಂದರಿಂದ ಮೂರನ್ನು ಹೊರತೆಗೆಯುವ ಸೂತ್ರವಿಲ್ಲ. ಆ್ಯಪ್ ಮಾಡಿದ್ದು ಸೂತ್ರವಲ್ಲ, ಊಹೆ. ತಾನು ಕಂಡ ಲಕ್ಷಾಂತರ ಚಿತ್ರಗಳಲ್ಲಿ ಇಂಥ ಬೂದಿ ಸಾಮಾನ್ಯವಾಗಿ ಯಾವ ಬಣ್ಣವೋ ಅದನ್ನು ಬಳಿಯಿತು. ಅವು ಯಾವ ಊರಿನ ಚಿತ್ರಗಳೋ. ಇಳಕಲ್ ಸೆರಗು ಯಾವಾಗಲೂ ಕೆಂಪು ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಸೆರಗೂ ನೇರಳೆಯಾಗಿತ್ತು. ಅವ್ವನಿಗೆ ಸಿಟ್ಟು ಬಂದದ್ದು ಸುಮ್ಮನಲ್ಲ.

ಸೀರೆಯ ಕೆಲಸ ಬಿಟ್ಟು ಅವ್ವನ ಒಂದು ಮುಖಚಿತ್ರವನ್ನು ಕಪ್ಪು-ಬಿಳುಪು ಮಾಡಲು ಕೂತೆ. ಮುಖಕ್ಕೆ ಕೆಂಪಿನ ಪಾಲು ಹೆಚ್ಚಿಸಬೇಕು ಎಂಬುದು ರೂಢಿ. ಚರ್ಮದಲ್ಲಿ ಕೆಂಪು-ಕಿತ್ತಳೆಯೇ ಹೆಚ್ಚಿರುವುದರಿಂದ ಮುಖ ಬೆಳಗುತ್ತದೆ, ಕಲೆ ಸುಕ್ಕು ಮಾಯವಾಗುತ್ತವೆ. ಹೆಚ್ಚಿಸಿದೆ. ಅವ್ವ ಹತ್ತು ವರ್ಷ ಕಿರಿಯಳಾದಳು, ಬೆಳ್ಳಗೂ ಆದಳು. ಬೆಳಿಗ್ಗೆ ತೋರಿಸಿದರೆ, “ಇದ್ಯಾರು, ನಿಮ್ಮ ಹುಬ್ಬಳ್ಳಿ ಚಿಕ್ಕವ್ವ ಏನ?” ಎಂದಳು. ನಾನು ಫೇರ್‌ನೆಸ್ ಕ್ರೀಮಿನ ಜಾಹೀರಾತುಗಳನ್ನು ಬೈಯುವವನು. ಅದೇ ಕೆಲಸ ನನ್ನ ಬೆರಳು ಮಾಡಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಚಿತ್ರದಲ್ಲಿ ಕಂಡಿತು. ವಿರೂಪಾಕ್ಷನ ಗುಡಿಯ ಮುಂದೆ ಹೂ ಮಾರುವ ಹೆಂಗಸನ್ನು ಕೇಳಿ ತೆಗೆದ ಚಿತ್ರ. ಕೆಂಪು ಹೆಚ್ಚಿಸಿದ ಕೂಡಲೇ ಆಕೆಯ ಹಣೆಯ ಕಾಸಗಲ ಕುಂಕುಮ ಮಸುಕಾಗುತ್ತ ಬಂದು, ಚರ್ಮದೊಳಗೆ ಕರಗಿ, ಇಲ್ಲವಾಯಿತು. ನಮ್ಮಲ್ಲಿ ಹೆಂಗಸಿನ ಹಣೆಯ ಕುಂಕುಮ ಅಳಿಸುವುದೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಮಗ್ಗುಲಲ್ಲಿ ಮಲಗಿದ್ದ ಅವ್ವನನ್ನು ನೋಡಿದೆ. ಪಾಲನ್ನು ಹಿಂದಕ್ಕೆ ಎಳೆದೆ. ಕುಂಕುಮ ತಿರುಗಿ ಬಂತು. ಫೈಲಿನಲ್ಲಿ ಬಣ್ಣ ಇನ್ನೂ ಇದ್ದುದರಿಂದ ಬಂತು.

ಫೋಟೊ ಹುಚ್ಚಿರುವ ಓದುಗರಿಗೆ ನಾನು ಹೇಳಬಹುದಾದದ್ದು ಇದೇ. ಕ್ಯಾಮೆರಾದಲ್ಲಿ ‘ಮೊನೊಕ್ರೋಮ್’ ಇಟ್ಟು ಬರೀ ಜೆಪೆಗ್ ತೆಗೆದರೆ ಬಣ್ಣ ಅಲ್ಲಿಗೇ ಹೋಯಿತು. ಅದೇ ರಾ ಫೈಲಿನಲ್ಲಿ ತೆಗೆದರೆ ಪರದೆಯ ಮೇಲೆ ಕಪ್ಪು-ಬಿಳುಪು ಕಂಡರೂ ಅಡಿಯಲ್ಲಿ ಬಣ್ಣವೆಲ್ಲ ಹಾಗೇ ಇರುತ್ತದೆ. ರಾ ಇಲ್ಲದ ಫೋನಾದರೆ ಬಣ್ಣದ ಮೂಲವನ್ನು ಇಟ್ಟುಕೊಂಡು ನಕಲನ್ನು ತಿದ್ದಿ. ನೀಲಿಯನ್ನು ಬಹಳ ಎಳೆದರೆ ಆಕಾಶದಲ್ಲಿ ಕಾಳುಕಾಳು ಏಳುತ್ತದೆ, ಗೋಪುರದ ಅಂಚಿಗೆ ಬಿಳಿ ಗೆರೆ ಬರುತ್ತದೆ. ಸ್ವಲ್ಪದಲ್ಲೇ ನಿಲ್ಲಿಸಿ. ಬಣ್ಣ ಕೆಟ್ಟಿದೆ ಎಂಬ ಕಾರಣಕ್ಕೆ ಕಪ್ಪು-ಬಿಳುಪು ಮಾಡಬೇಡಿ, ಬೆಳಕು-ನೆರಳು ಚೆನ್ನಾಗಿದೆ ಎಂಬ ಕಾರಣಕ್ಕೆ ಮಾಡಿ. ಬಂಡೆ, ಕಂಬ, ಮುದುಕರ ಕೈ ಇವಕ್ಕೆ ಅದು ಒಪ್ಪುತ್ತದೆ. ಚೆಂಡುಹೂವಿನ ಬುಟ್ಟಿಗೆ ಒಪ್ಪುವುದಿಲ್ಲ. ನಾನು ಆ ಹೂವಿನವಳ ಚಿತ್ರವನ್ನು ಕೊನೆಗೆ ಬಣ್ಣದಲ್ಲೇ ಮುದ್ರಿಸಿದೆ.

ನಮ್ಮ ಜೊತೆ ಅವ್ವನೂ ಪುಣೆಗೆ ಬಂದಳು. ಡಿಸೆಂಬರಿನ ಕೊನೆಯ ವಾರ, ಚಳಿ ಜೋರಿತ್ತು. ಒಂದು ರಾತ್ರಿ ಹಾಲ್‌ನಲ್ಲಿ ಫೋಟೊದ ಕೆಳಗೆ ಕೂತು, ನನ್ನ ಸೋಲನ್ನು ಒಪ್ಪಿಕೊಂಡೆ. ಅವ್ವನಿಗೆ ಅದರಿಂದ ಏನೂ ಬೇಜಾರಾದಂತೆ ಕಾಣಲಿಲ್ಲ.

“ನಾ ಒಂದು ಖರೇ ಹೇಳ್ಲಿ? ನಲವತ್ತ ವರ್ಷ ಈ ಫೋಟೊನ ನೋಡೀನಲ್ಲ, ಅವತ್ತಿನ ದಿನಾ ನೆನಸಿಕೊಂಡ್ರ ನನಗೂ ಈಗ ಬರೇ ಕರಿ-ಬಿಳೀನ ಕಾಣತೈತಿ. ಸೀರಿ ಅಷ್ಟ ಅಲ್ಲ. ಹೊಳಿ, ಗುಡ್ಡ, ನಿಮ್ಮಪ್ಪ, ಎಲ್ಲಾ.”

ನನ್ನ ಹತ್ತಿರ ಇದಕ್ಕೆ ಮಾತಿರಲಿಲ್ಲ. ಫೋಟೊ ನೆನಪನ್ನು ಕಾಪಾಡುತ್ತದೆ ಎಂದುಕೊಂಡವನು ನಾನು. ಇಲ್ಲಿ ಫೋಟೊ ನೆನಪಿನ ಜಾಗದಲ್ಲಿ ತಾನೇ ಕೂತುಬಿಟ್ಟಿತ್ತು.

ಮಗಳು ಅಜ್ಜಿಯ ಮಗ್ಗುಲಲ್ಲಿ ಕೌದಿ ಹೊದ್ದು ಕೂತಿದ್ದಳು. ನಾನು ಕೆಲಸಕ್ಕೆಂದು ಮೊದಲ ಸಲ ಪುಣೆಗೆ ಹೊರಟಾಗ ಅವ್ವ ಹೊಲಿದು ಕೊಟ್ಟ ಕೌದಿ ಅದು. “ಆ ಸೀರೆ ಈಗ ಎಲ್ಲಿದೆ ಅಜ್ಜಿ?” ಎಂದು ಕೇಳಿದಳು.

“ಎಲ್ಲಿ ಹೋಗ್ತಾವ? ಆಗಿನ ಸೀರಿ ಎಲ್ಲಾ ಇದ್ರಾಗ ಅದಾವು,” ಎಂದು ಅವ್ವ ಕೌದಿಯ ಮೇಲೆ ಕೈಯಾಡಿಸಿದಳು. “ಮ್ಯಾಲ, ಕೆಳಗ ಗಟ್ಟಿ ಅರಿವಿ ಹಚ್ಚೀನಿ. ಹಳೇವು ಒಳಪದರದಾಗ ಹೋಗ್ಯಾವ. ಅದೂ ಇರಬೇಕು.”

ಹದಿನಾಲ್ಕು ವರ್ಷ ಆ ಕೌದಿಯ ಕೆಳಗೆ ಮಲಗಿದ್ದೆ. ಮಗಳು ಆಗಲೇ ಒಂದು ಹೊಲಿಗೆಯ ತುದಿ ಹಿಡಿದು, ಬಿಚ್ಚಿ ನೋಡೋಣವೇ ಎಂಬಂತೆ ನನ್ನನ್ನು ನೋಡಿದಳು. ಬಿಚ್ಚಿದರೂ ಒಳಗೆ ಕೆಂಪು, ಹಸಿರು, ನವಿಲು ಮೂರೂ ಸಿಗಬಹುದು. ಅದರಲ್ಲಿ ಹಂಪಿಯದು ಯಾವುದೆಂದು ಯಾರು ಹೇಳಬೇಕು? ಆದರೂ ನನ್ನ ಕೈ ಕತ್ತರಿಯ ಕಡೆ ಹೋಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅವ್ವ ಮಗಳ ಕೈಯಿಂದ ದಾರವನ್ನು ಬಿಡಿಸಿ, ಕೌದಿಯನ್ನು ಅವಳ ಕುತ್ತಿಗೆಯವರೆಗೆ ಎಳೆದಳು. “ಬಿಚ್ಚಬ್ಯಾಡ್ರಿ. ಥಂಡಿ ಐತಿ.”